ಗಾಡಿಯ ಕಂಪನಿ ಪೇಂಟ್: ನೀವು ಕೇಳಿದ್ದು, ಪೇಂಟರ್ ಹೇಳಿದ್ದು

ಕಲಬುರಗಿಯಲ್ಲಿ ಬೈಕ್ ಪೇಂಟಿಂಗ್ ಅಂಗಡಿ ಇಟ್ಟುಕೊಂಡವನು ನಾನು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಗೀರು, ಕಲೆ, ಮಾಸಿದ ಬಣ್ಣದ್ದೇ ಇವೆ. ಉತ್ತರಕ್ಕೆ ಮುಂಚೆ ಒಂದು ಮಾತು. ಕಾರ್ಖಾನೆಯಲ್ಲಿ ಟ್ಯಾಂಕಿಗೆ ಬಣ್ಣ ಹೊಡೆದ ಮೇಲೆ ದೊಡ್ಡ ಓವನ್‌ನಲ್ಲಿ ಇಟ್ಟು ಕಾಯಿಸುತ್ತಾರೆ. ಬಣ್ಣ ಆ ಕಾವಿನಲ್ಲಿ ಗಟ್ಟಿಯಾಗುತ್ತದೆ. ನನ್ನ ಅಂಗಡಿಯಲ್ಲಿ ಅಂಥ ಓವನ್ ಇಲ್ಲ. ಹಾಗಾಗಿ ಪೂರ್ತಿ ಪೇಂಟ್ ಮಾಡಿಸಬೇಕು ಅಂತ ಬಂದವರಿಗೆ ನಾನು ಮೊದಲು ಕೇಳೋದು "ನಿಜವಾಗಿ ಬೇಕಾ?" ಅಂತ. ಧಂದೆಗೆ ಇದು ಒಳ್ಳೇದಲ್ಲ, ಗೊತ್ತು. ಆದರೆ ಕಂಪನಿ ಪೇಂಟ್ ಎಷ್ಟು ಉಳಿಯುತ್ತದೋ ಅಷ್ಟು ಉಳಿಸಿಕೊಳ್ಳಬೇಕು ಅನ್ನೋದು ನನ್ನ ಲೆಕ್ಕ.

ಪ್ರ: ಕಾಕಾ, ನನ್ನದು ಕೆಂಪು ಮೆಟಾಲಿಕ್ ಬಣ್ಣದ 125 ಸಿಸಿ ಗಾಡಿ. ಹೊಸದು. ಕಾಲೇಜಿನ ಪಾರ್ಕಿಂಗ್‌ನಲ್ಲಿ ಪಕ್ಕದ ಗಾಡಿಯ ಹ್ಯಾಂಡಲ್ ತಾಗಿ ಟ್ಯಾಂಕ್ ಮೇಲೆ ಗೇಣುದ್ದ ಗೀರು ಬಿದ್ದಿದೆ. ಗೆಳೆಯರು ಟೂತ್‌ಪೇಸ್ಟ್ ತಿಕ್ಕು ಅಂತಾರೆ. ಮೆಕ್ಯಾನಿಕ್ ಟ್ಯಾಂಕ್ ಪೂರ್ತಿ ಹೊಡೆಸು ಅಂತಾನೆ. ಯಾವುದು ಸರಿ?
— ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಉ: ಎರಡೂ ಅಲ್ಲ ತಮ್ಮಾ. ಮೊದಲು ಗೀರು ಎಷ್ಟು ಆಳ ಇದೆ ನೋಡು. ಟ್ಯಾಂಕ್ ತೊಳೆದು, ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆ. ಉಗುರು ಸಿಕ್ಕಿಕೊಳ್ಳದೆ ಜಾರಿ ಹೋದರೆ ಗೀರು ಮೇಲಿನ ಲ್ಯಾಕರ್‌ನಲ್ಲಿ, ಅಂದರೆ ಬಣ್ಣದ ಮೇಲೆ ಹೊಡೆದ ಪಾರದರ್ಶಕ ಪದರದಲ್ಲಿ ಮಾತ್ರ ಇದೆ. ಇನ್ನೊಂದು ಪರೀಕ್ಷೆ: ಗೀರಿನ ಮೇಲೆ ನೀರು ಹಚ್ಚು. ಒದ್ದೆ ಇದ್ದಾಗ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದೂ ಲ್ಯಾಕರಿನದ್ದೇ. ಇಂಥ ಗೀರಿಗೆ ಬಣ್ಣವೇ ಬೇಡ. ನುಣುಪಾದ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಸ್ವಲ್ಪ ತಗೊಂಡು ಮೈಕ್ರೋಫೈಬರ್ ಬಟ್ಟೆಯಲ್ಲಿ ಕೈಯಿಂದಲೇ ತಿಕ್ಕಿದರೆ ಸಾಕು. ಟೂತ್‌ಪೇಸ್ಟ್‌ನಲ್ಲೂ ಉಜ್ಜುವ ಪುಡಿ ಇರುತ್ತದೆ ಅನ್ನೋದು ನಿಜ. ಆದರೆ ಅದು ಹಲ್ಲಿಗೆ ಮಾಡಿದ್ದು. ಗೀರು ಸ್ವಲ್ಪ ಮಸುಕಾಗುತ್ತದೆ, ಜೊತೆಗೆ ಸುತ್ತಲಿನ ಹೊಳಪೂ ಮಸುಕಾಗುತ್ತದೆ.

ಉಗುರು ಸಿಕ್ಕಿಕೊಂಡರೆ ಟಚ್‌ಅಪ್ ಬೇಕು, ಅಂದರೆ ಗೀರಿನ ಒಳಗಷ್ಟೇ ಬಣ್ಣ ತುಂಬಬೇಕು. ಗೀರಿನ ಒಳಗೆ ಬೂದು ಬಣ್ಣ ಕಂಡರೆ ಪ್ರೈಮರ್ (ಬಣ್ಣದ ಕೆಳಗಿನ ತಳಪದರ) ತನಕ ಹೋಗಿದೆ. ತಗಡು ಮಿಂಚಿದರೆ ತಡ ಮಾಡಬೇಡ, ಮಳೆಗಾಲದಲ್ಲಂತೂ ತುಕ್ಕಿಗೆ ಜಾಸ್ತಿ ದಿನ ಬೇಕಾಗಿಲ್ಲ.

ಮೊದಲು ಬಣ್ಣದ ಕೋಡ್ ಹುಡುಕು. ಕೆಲವು ಗಾಡಿಗಳಲ್ಲಿ ಸೀಟಿನ ಕೆಳಗೆ ಅಥವಾ ಫ್ರೇಮ್ ಮೇಲೆ ಚೀಟಿ ಇರುತ್ತದೆ. ಇಲ್ಲದಿದ್ದರೆ ಶೋರೂಮಿನ ಪಾರ್ಟ್ಸ್ ಕೌಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟು ಕೇಳು. 'ಕೆಂಪು' ಅಂತ ಹೇಳಿ ಅಂಗಡಿಯಲ್ಲಿ ಬಣ್ಣ ತರಬೇಡ, ಕೆಂಪಿನಲ್ಲಿ ನೂರೆಂಟು ಇವೆ. ಬಣ್ಣ ಬೆರೆಸುವ ಅಂಗಡಿಗೆ ಗಾಡಿಯನ್ನೇ ಒಯ್ಯೋದು ಇನ್ನೂ ಛಲೋ. ಸೈಡ್ ಪ್ಯಾನೆಲ್ ಬಿಚ್ಚಿಕೊಂಡು ಹೋದರೂ ನಡೆಯುತ್ತದೆ. ಬೆರೆಸಿದ ಬಣ್ಣವನ್ನು ಅಲ್ಲೇ ರಟ್ಟಿನ ತುಂಡಿಗೆ ಹಚ್ಚಿಸು, ಒಣಗಿದ ಮೇಲೆ ಹೊರಗೆ ಬಿಸಿಲಿಗೆ ತಂದು ಗಾಡಿಯ ಪಕ್ಕ ಹಿಡಿದು ನೋಡು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲ ಕೆಂಪೂ ಒಂದೇ ಥರ ಕಾಣುತ್ತವೆ.

ಈಗ ಕೆಲಸ. ಗೀರನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸು, ಮೇಣ ಪಾಲಿಶ್ ಏನೂ ಉಳಿಯಬಾರದು. ತುಕ್ಕು ಶುರುವಾಗಿದ್ದರೆ 600 ನಂಬರ್ ವಾಟರ್ ಪೇಪರಿನ (ನೀರು ಹಚ್ಚಿ ತಿಕ್ಕುವ ಎಮರಿ ಪೇಪರ್) ಸಣ್ಣ ಚೂರನ್ನು ಪೆನ್ಸಿಲ್ ತುದಿಗೆ ಅಂಟಿಸಿ, ಗೀರಿನ ಒಳಗೆ ಮಾತ್ರ ತಿಕ್ಕು. ತಗಡು ಕಾಣುವ ಕಡೆ ಮಾತ್ರ ಪ್ರೈಮರ್. ಬಾಟಲಿ ಜೊತೆ ಬರುವ ಬ್ರಷ್ ಬಿಸಾಕು. ಅದು ನೇಲ್‌ಪಾಲಿಶ್ ಬ್ರಷ್‌ನಷ್ಟು ದಪ್ಪ ಇರುತ್ತದೆ, ಗೀರಿಗಿಂತ ಅದರ ಕಲೆಯೇ ದೊಡ್ಡದಾಗುತ್ತದೆ. ನಾನು ಬೆಂಕಿಕಡ್ಡಿಯ ಮದ್ದು ಮುರಿದು, ತುದಿಯನ್ನು ಬ್ಲೇಡಿನಲ್ಲಿ ಸೂಜಿಯಷ್ಟು ಚೂಪು ಮಾಡಿಕೊಳ್ಳುತ್ತೇನೆ. ತುದಿಯನ್ನು ಬಣ್ಣದಲ್ಲಿ ಅದ್ದಿ ಗೀರಿಗೆ ಮುಟ್ಟಿಸಿದರೆ ಬಣ್ಣ ತಾನಾಗಿ ಒಳಗೆ ಹರಿಯುತ್ತದೆ. ಎಳೆಯಬೇಡ, ಮುಟ್ಟಿಸು ಅಷ್ಟೇ. ನಿನ್ನದು ಮೆಟಾಲಿಕ್, ಅದರಲ್ಲಿನ ಅಲ್ಯೂಮಿನಿಯಂ ಪುಡಿ ತಳದಲ್ಲಿ ಕೂತಿರುತ್ತದೆ. ಬಾಟಲಿ ಚೆನ್ನಾಗಿ ಅಲ್ಲಾಡಿಸದೆ ಹಚ್ಚಿದರೆ ಗೀರಿನ ಜಾಗ ಕಪ್ಪಾಗಿ ಕಾಣುತ್ತದೆ.

ಒಂದೇ ಸಲ ತುಂಬಿಸಬೇಡ. ತೆಳ್ಳಗೆ ಹಚ್ಚು, ಅರ್ಧ ತಾಸು ಬಿಡು, ಮತ್ತೆ ಹಚ್ಚು. ಬಣ್ಣ ಸುತ್ತಲಿನ ಮಟ್ಟಕ್ಕಿಂತ ಒಂದು ಎಳೆ ಕೆಳಗೆ ಇರುವಾಗಲೇ ನಿಲ್ಲಿಸಿ ಮೇಲೆ ಲ್ಯಾಕರ್ ಹಾಕು. ಲ್ಯಾಕರ್ ಒಂಚೂರು ಉಬ್ಬಿರಲಿ. ಆಮೇಲೆ ಕಡಿಮೆ ಅಂದರೂ ವಾರ ಬಿಡು. ಎಲ್ಲರೂ ಕೆಡಿಸೋದು ಇಲ್ಲೇ. ಮೇಲೆ ಒಣಗಿರುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಅವಸರಕ್ಕೆ ತಿಕ್ಕಿದರೆ ಇಡೀ ಬಣ್ಣ ಎದ್ದು ಬರುತ್ತದೆ. ವಾರದ ನಂತರ 2000 ನಂಬರ್ ವಾಟರ್ ಪೇಪರನ್ನು ಸಣ್ಣ ರಬ್ಬರಿಗೆ ಸುತ್ತಿ, ಸೋಪಿನ ನೀರಲ್ಲಿ ಅದ್ದಿ, ಉಬ್ಬು ಮಾತ್ರ ಹೋಗುವಷ್ಟು ಮೆಲ್ಲಗೆ ತಿಕ್ಕು. ಕಂಪನಿ ಪೇಂಟಿನ ಎಲ್ಲ ಪದರ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ನೆನಪಿರಲಿ. ಟ್ಯಾಂಕಿನ ಏಣಿನ ಮೇಲೆ ಇನ್ನೂ ತೆಳು. ಕೊನೆಗೆ ಕಾಂಪೌಂಡ್, ಪಾಲಿಶ್. ಹತ್ತಿರ ಬಂದು ಹುಡುಕಿದರೆ ಗುರುತು ಕಾಣುತ್ತದೆ. ಎರಡು ಹೆಜ್ಜೆ ದೂರ ನಿಂತರೆ ಕಾಣೋದಿಲ್ಲ. ಟಚ್‌ಅಪ್ ಅಂದರೆ ಅಷ್ಟೇ, ಅದಕ್ಕಿಂತ ಜಾಸ್ತಿ ಆಸೆ ಬೇಡ.

ಪ್ರ: ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಗಾಡಿ ಬಯಲಲ್ಲೇ ನಿಲ್ಲುತ್ತದೆ. ದಿನಾ ಬಿಡದೆ ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತೇನೆ. ಆದರೂ ಕಪ್ಪು ಟ್ಯಾಂಕ್ ಬೂದಿ ಬಡಿದ ಹಾಗಾಗಿದೆ. ಯಾಕೆ ಸರ್?
— ಕಾರ್ಮಿಕ, ವಾಡಿ

ಉ: ದಿನಾ ಒರೆಸಿದ್ದಕ್ಕೇ ಹಾಗಾಗಿದೆ. ಸಿಮೆಂಟಿನ ಧೂಳು, ಕಲ್ಲಿನ ಧೂಳು ಎರಡೂ ಗರಸು. ಒಣ ಬಟ್ಟೆಯಲ್ಲಿ ಒರೆಸಿದರೆ ಲ್ಯಾಕರ್ ಮೇಲೆ ಎಮರಿ ಪೇಪರ್ ಆಡಿಸಿದಂತೆಯೇ. ಬಿಸಿಲಿಗೆ ಟ್ಯಾಂಕ್ ಹಿಡಿದು ನೋಡಿ, ಸುತ್ತು ಸುತ್ತು ಜೇಡನ ಬಲೆಯಂಥ ಗೆರೆಗಳು ಕಾಣುತ್ತವೆ. ವಾಡಿ, ಶಹಾಬಾದ್, ಸೇಡಂ, ಮಳಖೇಡದ ಕಡೆಯಿಂದ ಬರುವ ಕಪ್ಪು ಗಾಡಿಗಳಲ್ಲಿ ನಾನು ನೋಡುವುದು ಇದನ್ನೇ.

ಸಿಮೆಂಟಿಗೆ ಇನ್ನೊಂದು ಗುಣ ಇದೆ. ರಾತ್ರಿಯ ಇಬ್ಬನಿ ಅದಕ್ಕೆ ತಾಗಿದರೆ ಅಲ್ಲೇ ಗಟ್ಟಿಯಾಗುತ್ತದೆ. ಸುಣ್ಣದ ಗುಣದ ಪದಾರ್ಥ, ಹಾಗೇ ಬಿಟ್ಟರೆ ಲ್ಯಾಕರನ್ನು ತಿನ್ನುತ್ತದೆ. ಅದಕ್ಕೇ ಒರೆಸೋದಕ್ಕಿಂತ ಮೊದಲು ನೀರು. ಮೇಲಿನಿಂದ ಧಾರಾಳವಾಗಿ ಸುರಿದು ಧೂಳು ಹರಿದು ಹೋಗಲಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಗಾಡಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ತೊಳೆದ ಕೂಡಲೇ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ ಮತ್ತೆ ಶಾಂಪೂಗೆ ಹಾಕಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಬಾರ್ ಬೇಡ. ಇದ್ದಬದ್ದ ಮೇಣ ಎಲ್ಲ ಹೋಗುತ್ತದೆ.

ಗಟ್ಟಿ ಕೂತ ಚುಕ್ಕೆಗೆ ಬಿಳಿ ವಿನೆಗರ್ ಒಂದು ಪಾಲು, ನೀರು ನಾಲ್ಕೈದು ಪಾಲು. ನೆರಳಿನಲ್ಲಿ, ತಣ್ಣಗಿರುವ ಟ್ಯಾಂಕ್ ಮೇಲೆ ಒಂದೆರಡು ನಿಮಿಷ ಇಟ್ಟು ಚೆನ್ನಾಗಿ ತೊಳೆದುಬಿಡಿ. ಬೋರಿನ ಸವಳು ನೀರು ಒಣಗಿ ಉಳಿಯುವ ಬಿಳಿ ಕಲೆಗೂ ಇದೇ ಮದ್ದು. ಪಾಯಖಾನೆಗೆ ಹಾಕುವ ಆಸಿಡ್ ಮಾತ್ರ ಯಾರು ಹೇಳಿದರೂ ಗಾಡಿ ಹತ್ತಿರ ತರಬೇಡಿ. ಬಲೆಯಂಥ ಗೆರೆಗಳನ್ನು ಒಮ್ಮೆ ಕಾಂಪೌಂಡ್ ಹಾಕಿಸಿ ತೆಗೆಸಿ. ಆಮೇಲೆ ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ಧೂಳು ಅಷ್ಟು ಬಿಗಿಯಾಗಿ ಕೂರೋದಿಲ್ಲ.

ಪ್ರ: ವಾಟರ್ ಸರ್ವಿಸ್‌ನವರು ಕೊನೆಗೆ ಡೀಸೆಲ್ ಹೊಡೆದು ಕೊಡುತ್ತಾರೆ. ಗಾಡಿ ಫಳಫಳ ಅನ್ನುತ್ತದೆ. ಒಳ್ಳೇದಾ?
— ಓದುಗ, ಚಿಂಚೋಳಿ

ಉ: ಮನೆಗೆ ಬರುವ ತನಕ ಒಳ್ಳೇದು. ಆಮೇಲೆ ದಾರಿಯ ಧೂಳೆಲ್ಲ ಆ ಜಿಡ್ಡಿಗೆ ಅಂಟುತ್ತದೆ. ರಬ್ಬರ್ ಪೈಪ್, ಬುಷ್ ಕೂಡ ಡೀಸೆಲ್‌ಗೆ ಹಾಳಾಗುತ್ತವೆ. ಬೇಡ ಅಂತ ಮೊದಲೇ ಹೇಳಿಬಿಡಿ.

ಪ್ರ: ಖಂಡೇ ಪೂಜೆಗೆ ನಮ್ಮ ಯಜಮಾನರ ಬಿಳಿ ಬೈಕಿಗೆ ವಿಭೂತಿ, ಅರಿಶಿಣ, ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದೆವು. ಬನ್ನಿ ಕೊಡುವ ಗಡಿಬಿಡಿಯಲ್ಲಿ ನಾಲ್ಕು ದಿನ ಹಾಗೇ ಬಿಟ್ಟೆವು. ಈಗ ಹಳದಿ, ಕೆಂಪು ಕಲೆ ಹೋಗ್ತಾ ಇಲ್ಲ. ಪೂಜೆ ಮಾಡಿದ್ದೇ ತಪ್ಪು ಅಂತ ಅವರ ಸಿಟ್ಟು.
— ಶಾಲಾ ಶಿಕ್ಷಕಿ, ಆಳಂದ

ಉ: ಪೂಜೆ ತಪ್ಪಲ್ಲ ಅಕ್ಕೋರೇ, ಮರುದಿನ ತೊಳೆಯದೆ ಬಿಟ್ಟಿದ್ದಕ್ಕೆ ಹೀಗಾಗಿದೆ. ಅರಿಶಿಣದ ಕಲೆಗೆ ಏನೂ ಖರ್ಚು ಮಾಡಬೇಡಿ. ಅದರ ಬಣ್ಣ ಬಿಸಿಲಿಗೆ ತಾನೇ ಹಾರುತ್ತದೆ. ತೊಳೆದು ಕೆಲವು ದಿನ ಬಿಸಿಲಲ್ಲಿ ನಿಲ್ಲಿಸಿ ಸಾಕು. ನಮ್ಮೂರಲ್ಲಿ ಬಿಸಿಲಿಗೇನು ಬರ ಇಲ್ಲವಲ್ಲ!

ಕುಂಕುಮ ಹಟಮಾರಿ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಕುಂಕುಮ ರಾಸಾಯನಿಕ ಬಣ್ಣ ಹಾಕಿದ್ದು, ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಬಿಳಿ ಲ್ಯಾಕರಿಗೆ ಇಳಿಯುತ್ತದೆ. ಮೊದಲು ಶಾಂಪೂ ನೀರು. ಆಮೇಲೆ ಹತ್ತಿಗೆ ಸ್ಪಿರಿಟ್ ಹಚ್ಚಿ ಮೆಲ್ಲಗೆ ಒತ್ತಿ ತೆಗೆಯಿರಿ. ಉಳಿದದ್ದಕ್ಕೆ ಸ್ವಲ್ಪ ಪಾಲಿಶ್. ವಿಭೂತಿಯನ್ನು ಯಾವತ್ತೂ ಒಣಗಿದ್ದಾಗ ಒರೆಸಬೇಡಿ, ಅದೂ ಬೂದಿ, ಗೆರೆ ಎಳೆಯುತ್ತದೆ. ನಿಂಬೆಹಣ್ಣಿನ ರಸ ಟ್ಯಾಂಕ್ ಮೇಲೆ ಬಿದ್ದರೆ ಆಗಲೇ ನೀರು ಹಾಕಿ, ಬಿಸಿಲಿಗೆ ಒಣಗಿದ ಹುಳಿ ಲ್ಯಾಕರಿನಲ್ಲಿ ಗುರುತು ಬಿಡುತ್ತದೆ. ಮುಂದಿನ ವರ್ಷ ಕುಂಕುಮವನ್ನು ನಂಬರ್ ಪ್ಲೇಟಿನ ಮೇಲ್ಗಡೆ ಕಬ್ಬಿಣದ ಭಾಗಕ್ಕೆ ಹಚ್ಚಿ, ಮಾಲೆಯನ್ನು ತಂತಿ ಬಿಟ್ಟು ದಾರದಲ್ಲಿ ಕಟ್ಟಿ. ಯಜಮಾನರೂ ಸುಮ್ಮನಾಗುತ್ತಾರೆ.

ಪ್ರ: ನನ್ನದು ಮ್ಯಾಟ್ ಕಪ್ಪು ಗಾಡಿ. ತೊಡೆ ತಾಗುವ ಕಡೆ ಹೊಳಪು ಬಂದಿದೆ, ನೋಡೋಕೆ ಹೊಲಸಾಗಿದೆ. ಪಾಲಿಶ್ ಹಾಕಿದೆ, ಇನ್ನೂ ಜಾಸ್ತಿಯಾಯಿತು.
— ಅಂಗಡಿ ಮಾಲೀಕ, ಬೀದರ್

ಉ: ಬಿದರಿ ಕೆಲಸದ ಊರಿನವರಿಗೆ ಮ್ಯಾಟ್ ಕಪ್ಪಿನ ಪಾಠ ನಾನೇನು ಹೇಳಲಿ! ಆದರೆ ಒಂದು ವ್ಯತ್ಯಾಸ ಇದೆ. ಬಿದರಿ ಹೂಜಿಗೆ ಕೊನೆಗೆ ಎಣ್ಣೆ ತಿಕ್ಕಿದರೆ ಕಪ್ಪು ಏರುತ್ತದೆ. ಮ್ಯಾಟ್ ಟ್ಯಾಂಕಿಗೆ ಎಣ್ಣೆ, ಪಾಲಿಶ್, ವ್ಯಾಕ್ಸ್, ಕಾಂಪೌಂಡ್ ಯಾವುದೂ ಆಗಿಬರೋದಿಲ್ಲ. ಮ್ಯಾಟ್ ಲ್ಯಾಕರಿನ ಮೈ ಕಣ್ಣಿಗೆ ಕಾಣದಷ್ಟು ಸಣ್ಣಗೆ ಒರಟಾಗಿರುತ್ತದೆ, ಅದಕ್ಕೇ ಬೆಳಕು ಚದುರುತ್ತದೆ. ತಿಕ್ಕಿದಷ್ಟೂ ಆ ಒರಟು ಸವೆದು ನುಣುಪಾಗಿ ಹೊಳೆಯುತ್ತದೆ. ಸವೆದದ್ದನ್ನು ವಾಪಸ್ ಒರಟು ಮಾಡೋಕೆ ಯಾವ ಬಾಟಲಿಯೂ ಇಲ್ಲ.

ಸದ್ಯಕ್ಕೆ ಸ್ಪಿರಿಟ್‌ನಲ್ಲಿ ಮೆಲ್ಲಗೆ ಒರೆಸಿ ನೋಡಿ. ಪಾಲಿಶಿನ ಜಿಡ್ಡು ಅಷ್ಟೇ ಇದ್ದರೆ ಅದು ಹೋಗಿ ಸ್ವಲ್ಪ ಸುಧಾರಿಸುತ್ತದೆ. ನಿಜವಾಗಿ ಸವೆದಿದ್ದರೆ ಆ ಜಾಗಕ್ಕೆ ಮ್ಯಾಟ್ ಟ್ಯಾಂಕ್ ಪ್ಯಾಡ್ ಅಂಟಿಸಿ. ಬರೀ ಆ ಕಡೆ ಮ್ಯಾಟ್ ಲ್ಯಾಕರ್ ಹೊಡೆಸಿದರೆ ಅಂಚು ಎದ್ದು ಕಾಣುತ್ತದೆ. ಮ್ಯಾಟ್‌ನಲ್ಲಿ ಅಂಚನ್ನು ತಿಕ್ಕಿ ಕೂಡಿಸೋಕೆ ಬರೋದಿಲ್ಲ. ಮಾಡಿಸಿದರೆ ಟ್ಯಾಂಕ್ ಪೂರ್ತಿ. ನಾನು ಪೂರ್ತಿ ಹೊಡೆಸಿ ಅನ್ನುವ ಅಪರೂಪದ ಕೇಸ್ ಇದು.

ಪ್ರ: ಪೆಟ್ರೋಲ್ ಹಾಕಿಸುವಾಗ ಚೆಲ್ಲಿ ಟ್ಯಾಂಕ್ ಬಾಯಿಯ ಸುತ್ತ ಬಣ್ಣ ಮೆತ್ತಗಾಗಿ ಸುಕ್ಕು ಬಂದಿದೆ. ಹೋದ ವರ್ಷ ಪೇಂಟ್ ಮಾಡಿಸಿದ ಟ್ಯಾಂಕ್. ಈಗಿನ ಪೆಟ್ರೋಲೇ ಸರಿ ಇಲ್ಲ ಅಂತಾರೆ, ಹೌದಾ?
— ರೈತ, ಜೇವರ್ಗಿ

ಉ: ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ, ನಿಜ. ಆದರೆ ನಿಮ್ಮ ಕೇಸಿನಲ್ಲಿ ನನ್ನ ಅನುಮಾನ ಪೇಂಟ್ ಮೇಲೆ. ಹಾರ್ಡ್ನರ್ (ಲ್ಯಾಕರನ್ನು ಗಟ್ಟಿ ಮಾಡುವ ದ್ರವ) ಬೆರೆಸದ ಲ್ಯಾಕರ್ ಬರೀ ಥಿನ್ನರ್ ಆರಿ ಒಣಗಿರುತ್ತದೆ. ಪೆಟ್ರೋಲ್ ಬಿದ್ದರೆ ಮತ್ತೆ ಕರಗುತ್ತದೆ. ಹಾರ್ಡ್ನರ್ ಬೆರೆಸಿದ ಲ್ಯಾಕರ್ ಒಮ್ಮೆ ಗಟ್ಟಿಯಾದರೆ ಅಷ್ಟು ಸುಲಭಕ್ಕೆ ಕರಗೋದಿಲ್ಲ. ಪರೀಕ್ಷೆ ಬೇಕಾದರೆ ಟ್ಯಾಂಕಿನ ಕೆಳಗೆ ಕಾಣದ ಕಡೆ ಹತ್ತಿಯಲ್ಲಿ ಥಿನ್ನರ್ ಹಚ್ಚಿ ತಿಕ್ಕಿ. ಹತ್ತಿಗೆ ಬಣ್ಣ ಬಂತೋ, ನಿಮ್ಮ ಟ್ಯಾಂಕಿಗೆ ಹಾರ್ಡ್ನರ್ ಹಾಕಿಲ್ಲ.

ಸುಕ್ಕು ಬಂದ ಬಣ್ಣದ ಮೇಲೆ ಹೊಸ ಬಣ್ಣ ನಿಲ್ಲೋದಿಲ್ಲ, ತೆಗೆದೇ ಮಾಡಬೇಕು. ಪೇಂಟರ್ ಹತ್ತಿರ ಹೋದಾಗ ರೇಟಿಗಿಂತ ಮೊದಲು "ಹಾರ್ಡ್ನರ್ ಇರುವ ಲ್ಯಾಕರ್ ಹಾಕ್ತೀರಾ?" ಅಂತ ಕೇಳಿ. ಇದನ್ನು ಮನೆಯಲ್ಲಿ ನೀವೇ ಹೊಡೆಯೋಕೆ ಹೋಗಬೇಡಿ. ಅದರ ಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ತಡೆಯೋದಿಲ್ಲ. ಇನ್ನು ಬಂಕಿನಲ್ಲಿ ಬಾಯಿ ತನಕ ತುಂಬಿಸಬೇಡಿ. ಚೆಲ್ಲಿದರೆ ಒಣಗೋಕೆ ಬಿಡದೆ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ತೆಗೆದು ನೀರು ಹಾಕಿ.

ಪ್ರ: ಟ್ಯಾಂಕಿನ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಕೆರೆದು ಟಚ್‌ಅಪ್ ಮಾಡಿದೆ, ತಿಂಗಳಲ್ಲಿ ಮತ್ತೆ ಎದ್ದಿತು.
— ಓದುಗ, ಶಹಾಪುರ

ಉ: ಗುಳ್ಳೆ ಒಳಗಿನಿಂದ ಬರ್ತಿದೆ. ಟ್ಯಾಂಕಿನಲ್ಲಿ ಸೇರಿದ ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ತಗಡು ಒಳಗಡೆಯಿಂದ ತುಕ್ಕು ಹಿಡಿದು ತೂತಾಗುವ ಹಂತಕ್ಕೆ ಬಂದಾಗ ಹೊರಗೆ ಗುಳ್ಳೆ ಕಾಣುತ್ತದೆ. ಟ್ಯಾಂಕ್ ಬಿಚ್ಚಿಸಿ, ಖಾಲಿ ಮಾಡಿಸಿ, ಟಾರ್ಚ್ ಹಾಕಿ ಒಳಗೆ ನೋಡಿಸಿ. ಪೆಟ್ರೋಲ್ ವಾಸನೆ ಬರ್ತಿದ್ದರೆ ನಾಳೆ ಅನ್ನಬೇಡಿ. ಬಣ್ಣದ ಮಾತು ಆಮೇಲೆ.

ಪ್ರ: ತಂದೆಯವರ ಹಳೆ ಬುಲೆಟ್ ಇದೆ. ಟ್ಯಾಂಕ್ ಮಂಕಾಗಿದೆ, ರಬ್ಬಿಂಗ್ ಮಾಡಿಸಬೇಕು. ಚಿನ್ನದ ಗೆರೆ ಹೋಗಿಬಿಟ್ಟರೆ ಅಂತ ಹೆದರಿಕೆ.
— ಓದುಗ, ಸುರಪುರ

ಉ: ಹೆದರಿಕೆ ಸರಿಯಾಗೇ ಇದೆ. ಆ ಗೆರೆ ಸ್ಟಿಕ್ಕರ್ ಅಲ್ಲ, ಕಾರ್ಖಾನೆಯಲ್ಲಿ ಬ್ರಷ್ ಹಿಡಿದು ಕೈಯಲ್ಲಿ ಎಳೆದದ್ದು. ಸೂಕ್ಷ್ಮವಾಗಿ ನೋಡಿದರೆ ಎಡಬಲದ ಗೆರೆಗಳ ದಪ್ಪ ಒಂದೇ ಸಮ ಇರೋದಿಲ್ಲ. ನನಗಂತೂ ಅದೇ ಚೆಂದ. ಕಣ್ಣು ಮುಚ್ಚಿ ಗೆರೆಯ ಮೇಲೆ ಬೆರಳಾಡಿಸಿ. ಉಬ್ಬು ಸಿಕ್ಕರೆ ಅದರ ಮೇಲೆ ಲ್ಯಾಕರ್ ರಕ್ಷಣೆ ಇಲ್ಲ, ಕಾಂಪೌಂಡ್ ತಾಗಿದರೆ ಗೆರೆ ಬಟ್ಟೆಗೆ ಬರುತ್ತದೆ. ರಬ್ಬಿಂಗ್‌ಗೆ ಮುಂಚೆ ಗೆರೆಯ ಎರಡೂ ಕಡೆ ಸ್ವಲ್ಪ ಸೇರಿಸಿ ಮಾಸ್ಕಿಂಗ್ ಟೇಪ್ ಹಾಕಿಸಿ. ಯಂತ್ರ ಬೇಡ, ಕೈಯಲ್ಲೇ ಮಾಡಿಸಿ. ಟೇಪನ್ನು ಕಿತ್ತೆಳೆಯದೆ ಮೆಲ್ಲಗೆ ಮಡಿಸಿಕೊಂಡು ತೆಗೆಯಬೇಕು. ಹಳೆ ಟ್ಯಾಂಕ್ ಪೂರ್ತಿ ಹೊಸದಾಗಿ ಕಾಣಬೇಕು ಅಂತ ಹಟ ಬೇಡ. ಗೆರೆ ಉಳಿದರೆ ಸಾಕು.

ಪ್ರ: ಸ್ಪ್ರೇ ಡಬ್ಬಿ ತಂದು ಮಡ್‌ಗಾರ್ಡಿಗೆ ನಾನೇ ಹೊಡೆದೆ. ಮೇ ತಿಂಗಳು, ಮಧ್ಯಾಹ್ನ, ಮಾಳಿಗೆ ಮೇಲೆ. ಮುಟ್ಟಿದರೆ ಉಸುಕಿನ ಹಾಗಿದೆ.
— ಐಟಿಐ ವಿದ್ಯಾರ್ಥಿ, ಯಾದಗಿರಿ

ಉ: ಮೇ ಮಧ್ಯಾಹ್ನ ಮಾಳಿಗೆ ಮೇಲೆ ಹಪ್ಪಳ ಒಣಗಿಸಬಹುದು ತಮ್ಮಾ, ಪೇಂಟ್ ಹೊಡೆಯೋಕಾಗೋದಿಲ್ಲ. ಆ ಧಗೆಯಲ್ಲಿ ಬಣ್ಣದ ಹನಿ ಮಡ್‌ಗಾರ್ಡ್ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗುತ್ತದೆ. ಹರಡಿ ಕೂಡಿಕೊಳ್ಳೋಕೆ ಸಮಯ ಸಿಗೋದಿಲ್ಲ. ಮಳೆಗಾಲದಲ್ಲಿ ತದ್ವಿರುದ್ಧ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಕೂತು ಬಿಳಿ ಮಂಜು ಬರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ, ನೆರಳಲ್ಲಿ, ಗಾಳಿ ಆಡುವ ಕಡೆ ಹೊಡಿ. ಈಗ ಆಗಿದ್ದನ್ನು ಪೂರ್ತಿ ಒಣಗಿದ ಮೇಲೆ 800 ನಂಬರ್ ವಾಟರ್ ಪೇಪರ್ ಹಾಕಿ ನುಣುಪು ಮಾಡಿ ಮತ್ತೆ ಹೊಡೆಯಬಹುದು. ಮಡ್‌ಗಾರ್ಡ್ ಪ್ಲಾಸ್ಟಿಕ್ ಇದ್ದು, ತಿಕ್ಕುವಾಗ ಎಲ್ಲಾದರೂ ಬರೀ ಪ್ಲಾಸ್ಟಿಕ್ ಕಂಡರೆ, ಆ ಜಾಗಕ್ಕೆ ಪ್ಲಾಸ್ಟಿಕ್ ಪ್ರೈಮರ್ ಬೇರೆ ಬೇಕು, ಇಲ್ಲದಿದ್ದರೆ ಪೊರೆ ಪೊರೆಯಾಗಿ ಸುಲಿಯುತ್ತದೆ.

ಪ್ರ: ಬ್ರೇಕ್ ಆಯಿಲ್ ಟ್ಯಾಂಕ್ ಮೇಲೆ ಬಿದ್ದರೆ?
— ಓದುಗ, ಭಾಲ್ಕಿ

ಉ: ಒರೆಸಬೇಡಿ, ಮೊದಲು ನೀರು ಸುರಿಯಿರಿ. ನಮ್ಮ ಗಾಡಿಗಳಲ್ಲಿ ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ತೊಳೆದರೆ ಹೋಗುತ್ತದೆ. ಬಿಟ್ಟರೆ ಪೇಂಟ್ ಎದ್ದು ಬರುತ್ತದೆ. ಬ್ರೇಕ್ ಕೆಲಸ ಮಾಡಿಸುವಾಗ ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿಸಿ.

ಪ್ರ: ಹೊಸ ಗಾಡಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಲಾ? ಗೀರೇ ಬೀಳೋದಿಲ್ಲ ಅಂತಾರೆ.
— ಬ್ಯಾಂಕ್ ನೌಕರ, ಕಲಬುರಗಿ

ಉ: ಗೀರು ಬೀಳುತ್ತದೆ. ಕೀಲಿ ತಾಗಿದರೆ, ಪಕ್ಕದ ಗಾಡಿ ಉಜ್ಜಿದರೆ ಯಾವ ಕೋಟಿಂಗೂ ತಡೆಯೋದಿಲ್ಲ. ನೀರು, ಧೂಳು ಬೇಗ ಜಾರುತ್ತದೆ, ತೊಳೆಯೋದು ಸುಲಭ. ಆ ಸುಖಕ್ಕೆ ದುಡ್ಡು ಕೊಡೋಕೆ ಇಷ್ಟ ಇದ್ದರೆ ಮಾಡಿಸಿ. ಗೀರಿನ ಚಿಂತೆಯೇ ಇದ್ದರೆ ಟ್ಯಾಂಕಿಗೆ ಮಾತ್ರ ಪಾರದರ್ಶಕ ಫಿಲ್ಮ್ ಅಂಟಿಸಿಕೊಳ್ಳಿ. ಪ್ಲಾಸ್ಟಿಕ್ ಕವರ್ ಹೊದಿಸುವ ಅಭ್ಯಾಸ ಇದ್ದರೆ ಬಿಡಿ. ಒಳಗೆ ತೇವ ನಿಲ್ಲುತ್ತದೆ, ಗಾಳಿಗೆ ಪಟಪಟ ಅಂತ ಬಡಿದು ಧೂಳನ್ನು ಬಣ್ಣಕ್ಕೆ ಉಜ್ಜುತ್ತದೆ.

ಪ್ರ: ನೀಲಿ ಗಾಡಿಯನ್ನು ಕಪ್ಪು ಮಾಡಿಸಿದರೆ ಪೊಲೀಸರು ಹಿಡೀತಾರಾ?
— ಓದುಗ, ಹುಮನಾಬಾದ್

ಉ: ಆರ್‌ಸಿಯಲ್ಲಿ ಬಣ್ಣ ಬರೆದಿರುತ್ತದೆ. ಗಾಡಿ ಕಪ್ಪು, ಕಾಗದ ನೀಲಿ ಅಂದರೆ ತಕರಾರು ಬಂದೇ ಬರುತ್ತದೆ. ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಪೇಂಟರ್ ಹತ್ತಿರ ಹೋಗಿ. ನೀಲಿ ಚೆನ್ನಾಗಿದ್ದರೆ ಯಾಕೆ ಕೆಡಿಸ್ತೀರಿ ಅಂತ ನನ್ನ ಪ್ರಶ್ನೆ.

ಪ್ರ: ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದ್ದೇನೆ. ಕೆಎ-32 ನಂಬರ್, ಒಬ್ಬರೇ ಓನರ್. "ಕಂಪನಿ ಪೇಂಟ್" ಅಂತಾರೆ. ನಂಬೋದು ಹೇಗೆ?
— ಓದುಗ, ಅಫಜಲಪುರ

ಉ: ಬೆಳಿಗ್ಗೆ ಹೊತ್ತು ಹೋಗಿ, ಗಾಡಿಯನ್ನು ಹೊರಗೆ ತೆಗೆಸಿ. ಸೀಟ್ ಎತ್ತಿ ಟ್ಯಾಂಕಿನ ಹಿಂದಿನ ಅಂಚು ನೋಡಿ. ಅಲ್ಲಿಯ ಬಣ್ಣಕ್ಕೂ ಮೇಲಿನ ಬಣ್ಣಕ್ಕೂ ಗೆರೆ ಎಳೆದ ಹಾಗೆ ವ್ಯತ್ಯಾಸ ಇದ್ದರೆ ಮೇಲೆ ಹೊಡೆದಿದ್ದಾರೆ. ವೈರು, ರಬ್ಬರ್, ಬೀಗದ ಮೇಲೆ ಬಣ್ಣದ ಸಣ್ಣ ಹನಿ ಹುಡುಕಿ. ಪ್ಯಾನೆಲಿನ ಬೋಲ್ಟ್ ತಲೆಯ ಮೇಲೆ ಸ್ಪ್ಯಾನರ್ ಗುರುತು ಇದ್ದರೆ ಯಾಕೆ ಬಿಚ್ಚಿದ್ದು ಅಂತ ಕೇಳಿ. ತಗಡಿನ ಟ್ಯಾಂಕ್ ಆದರೆ ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಲ್ಲಲ್ಲಿ ಮುಟ್ಟಿಸಿ, ಬಣ್ಣದ ಒಳಗೆ ಪುಟ್ಟಿ (ತಗ್ಗು ಮುಚ್ಚುವ ಪೇಸ್ಟ್) ತುಂಬಿದ ಕಡೆ ಹಿಡಿತ ಸಡಿಲ ಇರುತ್ತದೆ. ಪೇಂಟ್ ಮಾಡಿಸಿದ ಗಾಡಿ ಅಂದ ಮಾತ್ರಕ್ಕೆ ಬೇಡ ಅನ್ನಬೇಕಾಗಿಲ್ಲ. ಆದರೆ ಟ್ಯಾಂಕ್, ಫ್ರೇಮ್ ಎರಡೂ ಹೊಸ ಬಣ್ಣದಲ್ಲಿದ್ದರೆ ಗಾಡಿ ಎಲ್ಲೋ ಚೆನ್ನಾಗಿ ಬಿದ್ದಿದೆ ಅಂತ ಅನುಮಾನ ಪಡಿ. ಹ್ಯಾಂಡಲ್ ನೆಟ್ಟಗಿದೆಯಾ, ಎರಡೂ ಚಕ್ರ ಒಂದೇ ಸಾಲಿನಲ್ಲಿ ಇದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ರೇಟ್ ಮಾತಾಡಿ.